ಕೆಮ್ಮು ನಿಂತಿತು, ಮಾತ್ರೆ ನಿಲ್ಲಿಸಬಹುದೇ?



ಕ್ಷಯ ರೋಗಕ್ಕೆ ಮಾತ್ರೆ ಶುರು ಮಾಡಿ ಎರಡು ತಿಂಗಳಾಗಿದೆ ಎಂದಿಟ್ಟುಕೊಳ್ಳಿ. ಸಂಜೆ ಬರುತ್ತಿದ್ದ ಜ್ವರ ಈಗ ಇಲ್ಲ. ಕೆಮ್ಮು ನಿಂತಿದೆ. ಊಟ ಸೇರುತ್ತಿದೆ. ಸಡಿಲವಾಗಿದ್ದ ಬಳೆ ಮತ್ತೆ ಕೈಗೆ ಸರಿಯಾಗಿ ಕೂರುತ್ತಿದೆ. ಆದರೆ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. “ವಾಸಿಯಾಯಿತಲ್ಲ, ಇನ್ನೇಕೆ ಈ ಉಷ್ಣದ ಮಾತ್ರೆ?” ಎಂದು ಅತ್ತೆ ಕೇಳುತ್ತಾರೆ. ನಿಮ್ಮ ಮನಸ್ಸೂ ಅದನ್ನೇ ಕೇಳುತ್ತದೆ. ಬಹಳ ಮಂದಿ ಎಡವುವುದು ಇಲ್ಲಿಯೇ.

ರಾಮನಗರದಲ್ಲಿ ನಾನು ಬಲ್ಲ ಒಬ್ಬ ತಾಯಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದರು. ಮೂರನೆಯ ತಿಂಗಳಲ್ಲಿ ಮಗಳಿಗೆ ಸಂಬಂಧ ಕೂಡಿಬಂತು. ಹೆಣ್ಣು ನೋಡಲು ಬರುವವರ ಕಣ್ಣಿಗೆ ಮಾತ್ರೆಯ ಪಟ್ಟಿ ಬಿದ್ದರೆ ಏನು ಗತಿ ಎಂದು ಹೆದರಿ ಅವರು ಮಾತ್ರೆಯನ್ನೇ ಬಿಟ್ಟರು. ಕೆಲವು ತಿಂಗಳಲ್ಲಿ ಕೆಮ್ಮು ಮರಳಿತು. ಈ ಸಲ ಮೊದಲಿನ ಮಾತ್ರೆಗಳು ರೋಗಾಣುವಿಗೆ ನಾಟಲಿಲ್ಲ. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಕಠಿಣ ಚಿಕಿತ್ಸೆ ನಡೆಯಿತು. ಅಲ್‌ಹಮ್ದುಲಿಲ್ಲಾಹ್, ಈಗ ಗುಣವಾಗಿದ್ದಾರೆ. ಆದರೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ವಿಷಯ ತಿಳಿದ ಮೇಲೂ ಬೀಗರು ಸಂಬಂಧ ಮುರಿಯಲಿಲ್ಲ. ಮುಚ್ಚಿಟ್ಟದ್ದರಿಂದ ಆದದ್ದು ನಷ್ಟ ಮಾತ್ರ.

ನಮ್ಮ ಊರುಗಳ ಕೆಮ್ಮು

ನಮ್ಮ ಭಾಗದಲ್ಲಿ ಕೆಮ್ಮಿಗೆ ನೆಪಗಳು ಬಹಳ. ರಾಮನಗರದಲ್ಲಿ ಗೂಡು ಬೇಯಿಸುವ ಹಬೆ, ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವಾಗ ಏಳುವ ಮರದ ಪುಡಿ, ಕನಕಪುರ ಮತ್ತು ಮಾಗಡಿಯ ಕಡೆ ಕಲ್ಲು ಕ್ವಾರಿಯ ಧೂಳು. ‘ಕೆಲಸದ ಕೆಮ್ಮು’ ಎಂದು ತಿಂಗಳುಗಟ್ಟಲೆ ಸುಮ್ಮನಿರುತ್ತೇವೆ. ಕಲ್ಲಿನ ಧೂಳು ಶ್ವಾಸಕೋಶ ಸೇರಿದವರಿಗೆ ಕ್ಷಯ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು. ಎರಡು ವಾರ ದಾಟಿದ ಯಾವ ಕೆಮ್ಮಿಗೂ ಕಫ ಪರೀಕ್ಷೆ ಆಗಲೇಬೇಕು. ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ.

ಆರು ತಿಂಗಳೇ ಏಕೆ?

ಸಾಮಾನ್ಯ ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳು: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. ಪೈರಾಜಿನಮೈಡ್ ಬಿಟ್ಟು ಉಳಿದ ಮೂರು ಮುಂದಿನ ನಾಲ್ಕು ತಿಂಗಳು. ವೇಗವಾಗಿ ಬೆಳೆಯುವ ರೋಗಾಣುಗಳು ಆರಂಭದ ವಾರಗಳಲ್ಲೇ ಸಾಯುತ್ತವೆ. ಕೆಮ್ಮು, ಜ್ವರ ಇಳಿಯುವುದು ಆಗಲೇ. ಆದರೆ ಕೆಲವು ರೋಗಾಣುಗಳು ಒಲೆಯ ಬೂದಿಯಡಿಯ ಕೆಂಡದಂತೆ ನಿದ್ರಿಸುತ್ತಿರುತ್ತವೆ. ಮುಂದಿನ ನಾಲ್ಕು ತಿಂಗಳ ಮಾತ್ರೆ ಅವುಗಳಿಗಾಗಿ.

ಈ ಅವಧಿಯನ್ನು ಯಾರೋ ಊಹಿಸಿ ಹೇಳಿದ್ದಲ್ಲ. ಹಿಂದೆ ಒಂದೂವರೆ ವರ್ಷ ಮಾತ್ರೆ ನುಂಗಬೇಕಿತ್ತು. 1970ರ ದಶಕದ ಪ್ರಯೋಗಗಳಲ್ಲಿ ರಿಫಾಂಪಿಸಿನ್ ಸೇರಿಸಿದ ಮೇಲೆ ಅದು ಆರು ತಿಂಗಳಿಗೆ ಇಳಿಯಿತು. ಇದನ್ನು ನಾಲ್ಕಕ್ಕೆ ಇಳಿಸಲು ಬೇರೆ ಔಷಧಿ ಸೇರಿಸಿ ನಡೆಸಿದ ದೊಡ್ಡ ಪ್ರಯೋಗಗಳ ಫಲಿತಾಂಶ 2014ರಲ್ಲಿ ಹೊರಬಂತು. ನಾಲ್ಕು ತಿಂಗಳಿಗೆ ನಿಲ್ಲಿಸಿದವರಲ್ಲಿ ರೋಗ ಮರಳಿದ್ದೇ ಹೆಚ್ಚು. 2021ರಲ್ಲಿ ನಾಲ್ಕು ತಿಂಗಳ ಒಂದು ಕ್ರಮ ಯಶಸ್ವಿಯಾಯಿತು ನಿಜ, ಆದರೆ ಅದರ ಔಷಧಿಗಳೇ ಬೇರೆ. ನಿಮ್ಮ ಕೈಯಲ್ಲಿರುವ ಮಾತ್ರೆಯನ್ನು ಅದರ ಹೆಸರಿನಲ್ಲಿ ಮೊಟಕುಗೊಳಿಸುವಂತಿಲ್ಲ.

ಹಾಗಾದರೆ ನಿಲ್ಲಿಸುವುದು ಯಾವಾಗ?

ಅದನ್ನು ಹೇಳಬೇಕಾದುದು ನಮ್ಮ ಹಸಿವೋ ತೂಕವೋ ಅಲ್ಲ. ಎರಡನೆಯ ತಿಂಗಳ ಕೊನೆಗೆ ಮತ್ತು ಚಿಕಿತ್ಸೆಯ ಕೊನೆಗೆ ಕಫ ಪರೀಕ್ಷೆ ಮಾಡಿಸಬೇಕು. ಅದನ್ನು ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಬೆನ್ನುಮೂಳೆ, ಮೆದುಳಿನ ಕ್ಷಯವಾದರೆ ಅವಧಿ ಇನ್ನೂ ದೀರ್ಘ. ಔಷಧಿ ನಾಟದ ಕ್ಷಯಕ್ಕೆ ಆರು ತಿಂಗಳ ಹೊಸ ಚಿಕಿತ್ಸೆಗೆ 2024ರಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಯಾರಿಗೆ ಹೊಂದುತ್ತದೆ ಎಂಬುದನ್ನೂ ವೈದ್ಯರೇ ಹೇಳಬೇಕು. ಪರೀಕ್ಷೆಗೆ ಕೊಡುವಾಗ ನಾಚಿಕೆಯಿಂದ ಬರೀ ಉಗುಳು ಕೊಡಬೇಡಿ, ಎದೆಯಾಳದಿಂದ ಬಂದ ಕಫ ಕೊಡಿ.

ಒಂದು ಎಚ್ಚರಿಕೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಮುಂದಿನ ಸರದಿಯ ಮಾತ್ರೆ ನುಂಗುವ ಮೊದಲು ಆಸ್ಪತ್ರೆಗೆ ಹೋಗಿ. ವೈದ್ಯರು ಔಷಧಿ ತಡೆದು, ಬದಲಿಸಿ, ಮತ್ತೆ ಆರಂಭಿಸುತ್ತಾರೆ. ಕಿತ್ತಳೆ ಮೂತ್ರಕ್ಕೆ ಮಾತ್ರ ಹೆದರಬೇಡಿ. ಅದು ರಿಫಾಂಪಿಸಿನ್‌ನ ಬಣ್ಣ. ಗರ್ಭಿಣಿಯಾದರೆ, ಹಾಲೂಡಿಸುತ್ತಿದ್ದರೆ ವೈದ್ಯರಿಗೆ ತಿಳಿಸಿ, ಆದರೆ ಚಿಕಿತ್ಸೆ ಬಿಡಬೇಡಿ. ಗರ್ಭನಿರೋಧಕ ಮಾತ್ರೆಯ ಬಲವನ್ನು ರಿಫಾಂಪಿಸಿನ್ ಕುಗ್ಗಿಸುತ್ತದೆ ಎಂಬುದೂ ತಿಳಿದಿರಲಿ.

ಇನ್ನೊಂದು ಬದಿಯ ತಪ್ಪೂ ಇದೆ. ಕ್ಷಯ ಪೂರ್ತಿ ಗುಣವಾದ ಮೇಲೂ ಶ್ವಾಸಕೋಶದ ಗಾಯದ ಕಲೆಯಿಂದ ಕೆಲವರಿಗೆ ಕಫ, ಕೆಮ್ಮು ಉಳಿಯುತ್ತದೆ. ಅವರು ಮೆಡಿಕಲ್ ಶಾಪಿನಲ್ಲಿ ಹಳೆಯ ಚೀಟಿ ತೋರಿಸಿ ಆಂಟಿಬಯೋಟಿಕ್ ನುಂಗುತ್ತಲೇ ಇರುತ್ತಾರೆ. ಪದೇ ಪದೇ ಸೋಂಕಾಗುವ ಕೆಲವರಿಗೆ ವೈದ್ಯರೇ ಅಜಿತ್ರೋಮೈಸಿನ್‌ನಂಥದ್ದನ್ನು ತಿಂಗಳುಗಟ್ಟಲೆ ಕೊಡುವುದುಂಟು. ಆದರೆ ಅದಕ್ಕೆ ಮುಂಚೆ ಕಫ ಪರೀಕ್ಷೆ ಬೇಕು, ನಡುನಡುವೆ ಪ್ರಯೋಜನ ಆಗುತ್ತಿದೆಯೇ ಎಂದು ನೋಡಬೇಕು, ಆಗದಿದ್ದರೆ ನಿಲ್ಲಿಸಬೇಕು. ಏಕೆಂದರೆ ಕ್ಷಯದ ರೋಗಾಣುವಿನ ದಾಯಾದಿಗಳಂಥ ಬೇರೆ ರೋಗಾಣುಗಳೂ ಎದೆಯಲ್ಲಿ ಬೇರೂರುತ್ತವೆ. ಒಂದೇ ಔಷಧಿ ಕೊಟ್ಟರೆ ಅವು ಅದಕ್ಕೆ ಬಗ್ಗದಂತಾಗುತ್ತವೆ. ಅವುಗಳ ಚಿಕಿತ್ಸೆಯಲ್ಲಿ ಲೆಕ್ಕ ಶುರುವಾಗುವುದು ಮಾತ್ರೆ ಆರಂಭಿಸಿದ ದಿನದಿಂದಲ್ಲ. ಕಫದಲ್ಲಿ ರೋಗಾಣು ಬೆಳೆಯದಾದ ಮೇಲೂ ಸಾಮಾನ್ಯವಾಗಿ ಹನ್ನೆರಡು ತಿಂಗಳು ಔಷಧಿ ಮುಂದುವರಿಸುತ್ತಾರೆ.

ಜೇನಿನ ಪಾಠ

ಹೊಟ್ಟೆನೋವಿನ ಸೋದರನಿಗಾಗಿ ಪ್ರವಾದಿ(ಸ)ರ ಬಳಿ ಬಂದ ವ್ಯಕ್ತಿಯ ಘಟನೆ ಬುಖಾರಿಯಲ್ಲಿದೆ. ಜೇನು ಕುಡಿಸಲು ಪ್ರವಾದಿ(ಸ) ಸೂಚಿಸಿದರು. ಗುಣವಾಗಲಿಲ್ಲವೆಂದು ಆತ ಮತ್ತೆ ಮತ್ತೆ ಬಂದಾಗಲೂ ಅದನ್ನೇ ಮುಂದುವರಿಸಲು ಹೇಳಿದರು. ಕೊನೆಗೆ ಗುಣವಾಯಿತು. ರೋಗಕ್ಕೆ ತಕ್ಕ ಪ್ರಮಾಣ ತಲುಪದೆ ಮದ್ದು ಫಲ ಕೊಡದು ಎಂಬ ಪಾಠವನ್ನು ಇಮಾಮ್ ಇಬ್ನುಲ್ ಕಯ್ಯಿಮ್ ಇದರಿಂದ ತೆಗೆದಿದ್ದಾರೆ. ತವಕ್ಕುಲ್ ಎಂದರೆ ಮದ್ದು ಬಿಡುವುದಲ್ಲ. ರಮಝಾನ್ ಬಂತೆಂದು ಕೆಲವರು ಮಾತ್ರೆ ಬಿಡುತ್ತಾರೆ. ಸಹ್ರಿಯ ಹೊತ್ತಿಗೆ ಹೊಂದಿಸಬಹುದೇ ಎಂದು ವೈದ್ಯರನ್ನು ಕೇಳಿ. ಆಗದಿದ್ದರೆ ರೋಗಿಗೆ ಅಲ್ಲಾಹನು ಅಲ್ ಬಕರ ಅಧ್ಯಾಯದಲ್ಲಿ ಕೊಟ್ಟ ರಿಯಾಯಿತಿ ಇದೆ. ಅದನ್ನು ಸ್ವೀಕರಿಸಲು ಸಂಕೋಚವೇಕೆ?

ಕೊನೆಯ ಮಾತು ಮನೆಯವರಿಗೆ. ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ರೋಗ ಹರಡುವುದು ನಿಲ್ಲುತ್ತದೆ. ಮನೆಯಲ್ಲೇ ಚಿಕಿತ್ಸೆ ಪಡೆದವರಿಂದ ಮನೆಯವರಿಗೆ ಹೆಚ್ಚಿನ ಅಪಾಯವಾಗಲಿಲ್ಲ ಎಂದು ಮದರಾಸಿನ ಅಧ್ಯಯನ 1959ರಲ್ಲೇ ತೋರಿಸಿತು. ಆದ್ದರಿಂದ ಆಕೆಯ ತಟ್ಟೆ, ಲೋಟ ಬೇರೆ ಇಡಬೇಡಿ. ಒಂದು ಮೊಟ್ಟೆ, ಒಂದು ಹಿಡಿ ಬೇಳೆ ಹೆಚ್ಚು ಬಡಿಸಿ. ಪೌಷ್ಟಿಕ ಆಹಾರಕ್ಕೆಂದು ಸರಕಾರ 2018ರಿಂದ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿ ನವೆಂಬರ್ 2024ರಿಂದ 1,000 ಆಗಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆದುಕೊಳ್ಳಿ.

ಮತ್ತು “ಇನ್ನೇಕೆ ಮಾತ್ರೆ?” ಎಂದು ಕೇಳುವ ಬದಲು “ಇವತ್ತಿನದು ನುಂಗಿದೆಯಾ ಬೇಟಿ?” ಎಂದು ಕೇಳಿ. ಆ ಒಂದು ಪ್ರಶ್ನೆ ಒಂದು ಜೀವ ಉಳಿಸಬಹುದು. ಅಲ್ಲಾಹನು ಎಲ್ಲ ರೋಗಿಗಳಿಗೂ ಪೂರ್ಣ ಶಿಫಾ ಕರುಣಿಸಲಿ, ಆಮೀನ್.