ಡ್ರೈವರ್ ಅಣ್ಣನ ದುಡಿಮೆಯ ಗಂಟೆಗಳು



ನಮ್ಮ ಧರೂರಿನಿಂದ ಗದ್ವಾಲಕ್ಕೆ, ಅಲ್ಲಿಂದ ರಾಯಚೂರಿಗೆ ಲಾರಿಗಳು ಹಗಲು ರಾತ್ರಿ ಓಡುತ್ತವೆ. ಭತ್ತದ ಸುಗ್ಗಿ ಬಂತೆಂದರೆ ಡ್ರೈವರ್‌ಗಳಿಗೆ ಪುರುಸೊತ್ತೇ ಇಲ್ಲ. ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಒಂದು ಸಂಜೆ ಕೇಳಿದರು: "ಸರ್, ನಮ್ಮ ಮನೆಯವರು ಎರಡು ರಾತ್ರಿ ನಿದ್ದಿ ಮಾಡಿಲ್ಲ. ಇವತ್ತೂ ಲೋಡ್ ತಗೊಂಡು ಹೋಗು ಅಂತ ಮಾಲೀಕರು ಅಂದಾರ. ಇದಕ್ಕ ಕಾಯ್ದೆ ಏನೂ ಇಲ್ಲೇನ್ರಿ?"

ಕಾಯ್ದೆ ಇದೆ. ಬನ್ನಿ, ತಿಳಿಯೋಣ.

ಕಾಯ್ದೆ ಏನು ಹೇಳುತ್ತದೆ?

1961ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ ಎಂದು ಅದು ಹೇಳಿತು. 5 ಗಂಟೆ ದುಡಿದರೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕಿತ್ತು. ದೂರದ ರೂಟಿಗೆ ದಿನಕ್ಕೆ 10 ಗಂಟೆಯವರೆಗೆ ಅವಕಾಶವಿತ್ತು. ಆಗಲೂ ವಾರಕ್ಕೆ 54 ಗಂಟೆ ದಾಟುವಂತಿರಲಿಲ್ಲ. 2025ರ ನವೆಂಬರ್ 21ರಂದು ಈ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ಅದರಲ್ಲೂ ದಿನದ ದುಡಿಮೆ 8 ಗಂಟೆಯೇ. ಹೆಚ್ಚಿಗೆ ದುಡಿದರೆ ಆ ಗಂಟೆಗಳಿಗೆ ಎರಡು ಪಟ್ಟು ಕೂಲಿ.

ಒಂದೆರಡು ಲಾರಿ ಇಟ್ಟ ಸಣ್ಣ ಮಾಲೀಕರ ಕಡೆ ಕಾಯ್ದೆಯ ಕೈ ಮುಟ್ಟುವುದು ಕಷ್ಟ. ನಿದ್ದೆ ಮಾತ್ರ ಎಲ್ಲರಿಗೂ ಒಂದೇ ಅಲ್ಲವೇ?

ಯಂತ್ರ ಬರೆಯುವ ಲೆಕ್ಕ

ಯುರೋಪಿನ ದೇಶಗಳಲ್ಲಿ ಈ ಲೆಕ್ಕ ಬರೆಯಲು ಲಾರಿಯಲ್ಲೇ ಒಂದು ಯಂತ್ರ ಇರುತ್ತದೆ. ಅದರ ಹೆಸರು ಟ್ಯಾಕೋಗ್ರಾಫ್. 2006ರ ಮೇ 1ರಿಂದ ಅಲ್ಲಿ ಹೊಸ ಲಾರಿಗಳಿಗೆ ಡಿಜಿಟಲ್ ಟ್ಯಾಕೋಗ್ರಾಫ್ ಕಡ್ಡಾಯವಾಯಿತು. ಡ್ರೈವರ್ ತನ್ನ ಕಾರ್ಡನ್ನು ಅದರಲ್ಲಿ ಇಡುತ್ತಾನೆ. ಎಷ್ಟು ಹೊತ್ತು ಓಡಿಸಿದ, ಎಷ್ಟು ಹೊತ್ತು ನಿಲ್ಲಿಸಿದ, ಎಲ್ಲವೂ ದಾಖಲಾಗುತ್ತದೆ. ಅಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ಬೇಕೇ ಬೇಕು.

ರಸ್ತೆಯಲ್ಲಿ ಅಧಿಕಾರಿ ಲಾರಿ ನಿಲ್ಲಿಸಿ ಆ ಲೆಕ್ಕ ನೋಡುತ್ತಾರೆ. ಕಂಪ್ಯೂಟರಿನಲ್ಲಿ ಅದನ್ನು ಓದಲು ತಂತ್ರಾಂಶ, ಅಂದರೆ ಸಾಫ್ಟ್‌ವೇರ್ ಬೇಕು. ಅದನ್ನು ಬಳಸಲು ಸರ್ಕಾರಕ್ಕೂ ಲೈಸೆನ್ಸ್ ಬೇಕು! ನಮ್ಮಲ್ಲಿ ಬಾಡಿಗೆ ಗಾಡಿ ಓಡಿಸುವ ಲೈಸೆನ್ಸನ್ನು 5 ವರ್ಷಕ್ಕೊಮ್ಮೆ ನವೀಕರಿಸುತ್ತೇವಲ್ಲ, ಹಾಗೇ ಇದೂ. ಅವಧಿ ಮುಗಿದರೆ ಹಣ ಕಟ್ಟಿ ಮತ್ತೆ ಪಡೆಯಬೇಕು. ಯಂತ್ರ ಬದಲಾದರೂ ಓದುವ ತಂತ್ರಾಂಶ ಬದಲಾಗಬೇಕು. 2019ರ ಜೂನ್‌ನಲ್ಲಿ ಅಲ್ಲಿ ಹೊಸ ಬಗೆಯ ಟ್ಯಾಕೋಗ್ರಾಫ್ ಬಂತು.

ನವೀಕರಿಸದೆ ಬಿಟ್ಟರೆ ಏನಾಗುತ್ತದೆ? ಕಾರ್ಡು ಕೈಯಲ್ಲೇ ಇರುತ್ತದೆ. ಅದರೊಳಗೆ ಲೆಕ್ಕವೂ ಇರುತ್ತದೆ. ಓದಲು ಮಾತ್ರ ಆಗುವುದಿಲ್ಲ. ಅಕ್ಷರ ಬಾರದವರ ಕೈಗೆ ಕಾಗದ ಕೊಟ್ಟ ಹಾಗೆ!

ನಮ್ಮ ಲೆಕ್ಕ ಎಲ್ಲಿದೆ?

ನಮ್ಮ ದೇಶದ ಲಾರಿಗಳಿಗೆ ಈ ಯಂತ್ರ ಕಡ್ಡಾಯವಿಲ್ಲ. ನಮ್ಮ ಲೆಕ್ಕ ಇರುವುದು ಮಾಲೀಕರ ರಿಜಿಸ್ಟರಿನಲ್ಲಿ. ಆ ಅಕ್ಕನ ಗಂಡನೂ ದಿನಾ ರಿಜಿಸ್ಟರಿಗೆ ಸಹಿ ಹಾಕುತ್ತಿದ್ದರು. ಅದು ತೆಲುಗಿನಲ್ಲಿತ್ತು. ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಹಾಗಾಗಿ ಏನು ಬರೆದಿದೆ ಎಂದು ನೋಡುತ್ತಲೇ ಇರಲಿಲ್ಲ. ಒಂದು ದಿನ ಅಂಕಿಯ ಮೇಲೆ ಕಣ್ಣು ಬಿತ್ತು. ದುಡಿದದ್ದು 15 ಗಂಟೆ, ಬರೆದದ್ದು 8! ಅದರ ಕೆಳಗೆ ಅವರದೇ ಸಹಿ.

ಭಾಷೆ ಬೇರೆ ಇದ್ದರೂ ಅಂಕಿ ಒಂದೇ. ಅದಕ್ಕೇ ಸಹಿ ಹಾಕುವ ಮೊದಲು ಅಂಕಿ ಓದಿ. ನಿಮ್ಮದೇ ಒಂದು ಸಣ್ಣ ನೋಟ್‌ಬುಕ್ ಇಡಿ. ದಿನಾ ನಾಲ್ಕು ಸಾಲು ಬರೆಯಿರಿ:

ತಾರೀಖು
ಗಾಡಿ ಹೊರಟ ಹೊತ್ತು
ವಿಶ್ರಾಂತಿ ಪಡೆದ ಹೊತ್ತು
ಗಾಡಿ ನಿಂತ ಹೊತ್ತು

ಈಗ ಆ ಅಣ್ಣ ಬರೆಯುತ್ತಾರೆ. ರಾತ್ರಿ ಅಕ್ಕ ಓದಿ ಕೂಡಿಸುತ್ತಾರೆ. ಕೂಲಿ ಕೇಳುವಾಗ ಆ ನೋಟ್‌ಬುಕ್ ಜೊತೆಗೇ ಹೋಗುತ್ತದೆ.

ಚರ್ಚಿಸಿ, ಬರೆಯಿರಿ

1. ಬೆಳಿಗ್ಗೆ 5ಕ್ಕೆ ಹೊರಟ ಡ್ರೈವರ್ ರಾತ್ರಿ 8ಕ್ಕೆ ಗಾಡಿ ನಿಲ್ಲಿಸಿದ. ನಡುವೆ 1 ಗಂಟೆ ವಿಶ್ರಾಂತಿ. ದುಡಿದದ್ದು ಎಷ್ಟು ಗಂಟೆ?
2. ನಿದ್ದೆಗೆಟ್ಟು ಗಾಡಿ ಓಡಿಸಿದರೆ ಯಾರ್ಯಾರಿಗೆ ಅಪಾಯ?
3. ನಿಮ್ಮ ಮನೆಯಲ್ಲಿ ದುಡಿಮೆಯ ಲೆಕ್ಕ ಯಾರು ಬರೆಯುತ್ತಾರೆ?