ಸೆಣಬಿನ ಕಟ್ಟು ಮತ್ತು ಕಾಣದ ಅಲೆ

ಕೋಲ್ಕತ್ತದ ಹೂಗ್ಲಿ ನದಿಯ ಘಾಟಿನಲ್ಲಿ ನಿಂತರೆ, ಯಾರೋ ಪೂಜಿಸಿ ತೇಲಿಬಿಟ್ಟ ಚೆಂಡುಹೂವಿನ ಮಾಲೆಗಳು ಕಾಣುತ್ತವೆ. ದೂರದಲ್ಲಿ ದೋಣಿಯೊಂದು ಹಾದುಹೋದರೆ ಅದೆಬ್ಬಿಸಿದ ಅಲೆ ಬಂದು ಮೆಟ್ಟಿಲನ್ನು ತಟ್ಟುತ್ತದೆ. ಮಾಲೆಯನ್ನು ಮಾತ್ರ ಹೊತ್ತು ತರುವುದಿಲ್ಲ. ನದಿಯ ಹರಿವನ್ನು ಬಿಟ್ಟು ನೋಡಿದರೆ, ಮಾಲೆ ಏರಿ ಇಳಿದು ಹೆಚ್ಚುಕಡಿಮೆ ಇದ್ದಲ್ಲಿಯೇ ಉಳಿಯುತ್ತದೆ. ದಡಕ್ಕೆ ಬಂದುದು ದೋಣಿಯ ಬಳಿಯ ನೀರಲ್ಲ, ನೀರಿನ ಕಲಕಾಟ, ಅದರೊಡನೆ ಶಕ್ತಿ.

ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರವೇ ತರಂಗಾಂತರ. ಒಂದು ಸೆಕೆಂಡಿನಲ್ಲಾಗುವ ಕಂಪನಗಳ ಸಂಖ್ಯೆ ಆವೃತ್ತಿ. ಇವೆರಡನ್ನೂ ಗುಣಿಸಿದರೆ ಅಲೆಯ ವೇಗ ದೊರೆಯುತ್ತದೆ.

ಹಗ್ಗದ ತುದಿಯನ್ನು ಕುಲುಕಿದಾಗ ಅಲೆ ಮುಂದಕ್ಕೂ ಹಗ್ಗದ ಕಣಗಳು ಅದಕ್ಕೆ ಅಡ್ಡವಾಗಿಯೂ ಚಲಿಸುತ್ತವೆ. ಇದು ಅಡ್ಡ ಅಲೆ. ಗಾಳಿಯಲ್ಲಿ ಶಬ್ದ ಹರಿಯುವಾಗ ಕಣಗಳು ಅಲೆ ಸಾಗುವ ದಿಕ್ಕಿನಲ್ಲಿಯೇ ಹಿಂದುಮುಂದಾಗಿ ತೂಗುತ್ತವೆ. ಇದು ನೀಳ ಅಲೆ. (ನೀರಿನ ಮೇಲಣ ಅಲೆ ಎರಡಕ್ಕೂ ಪೂರ್ತಿ ಸೇರದು, ಅಲ್ಲಿ ಕಣಗಳು ಸುತ್ತು ತಿರುಗುತ್ತವೆ.) ಶಬ್ದಕ್ಕೆ ಗಾಳಿಯಂತಹ ಮಾಧ್ಯಮ ಬೇಕೇ ಬೇಕು. ಬೆಳಕಿಗಾದರೋ ಅದು ಬೇಡ. ಅದು ವಿದ್ಯುತ್ಕಾಂತ ಅಲೆ.

ಆದರೆ ಕಣ್ಣಿಗೆ ಕಾಣದ ಅಲೆಯೊಂದು ಅಡ್ಡ ಅಲೆಯೋ ನೀಳ ಅಲೆಯೋ ಎಂದು ತಿಳಿಯುವುದು ಹೇಗೆ? 1888ರಲ್ಲಿ ಜರ್ಮನಿಯ ಹರ್ಟ್ಸ್ ವಿದ್ಯುತ್ ಅಲೆಗಳೂ ಬೆಳಕಿನಂತೆಯೇ ವರ್ತಿಸುವುವೆಂದು ತೋರಿಸಿದ್ದನು. ಅವನ ಅಲೆಗಳು ಬಲು ಉದ್ದ; ಅವನ್ನು ಬಾಗಿಸಲು ಅರ್ಧ ಟನ್ನಿಗೂ ಮಿಕ್ಕಿದ ರಾಳದ ಅಶ್ರಗ ಬೇಕಾಯಿತು. ಅಲೆಯುದ್ದಕ್ಕಿಂತ ಉಪಕರಣ ಸಾಕಷ್ಟು ದೊಡ್ಡದಿರಬೇಕಷ್ಟೆ. ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನ ಜಗದೀಶಚಂದ್ರ ಬೋಸರು ತೊಡಕನ್ನು ಇನ್ನೊಂದು ತುದಿಯಿಂದ ಬಿಡಿಸಿದರು: ಅಲೆಯನ್ನೇ ಚಿಕ್ಕದು ಮಾಡಿದರು! ಸುಮಾರು 5 ಮಿಲಿಮೀಟರಿನಷ್ಟು ಕಿರಿದಾದ, ಎಂದರೆ ಸೆಕೆಂಡಿಗೆ ಸುಮಾರು 6,000 ಕೋಟಿ ಬಾರಿ ಕಂಪಿಸುವ ಅಲೆಗಳನ್ನು ಅವರು ಪಡೆದರು. ಉಪಕರಣಗಳೆಲ್ಲ ಮೇಜಿನ ಮೇಲೆ ಹಿಡಿಸಿದವು. 1895ರಲ್ಲಿ ಊರಿನ ಟೌನ್ ಹಾಲಿನಲ್ಲಿ ಈ ಅಲೆಗಳಿಂದ ದೂರದ ಗಂಟೆಯನ್ನು ಬಾರಿಸಿ, ಸಿಡಿಮದ್ದನ್ನು ಹೊತ್ತಿಸಿ ಜನರನ್ನು ಬೆರಗುಗೊಳಿಸಿದರು.

ನನಗೆ ಅದಕ್ಕಿಂತ ಸೊಗಸಾಗಿ ಕಾಣುವುದು ಅವರ ಒಂದು ರೈಲ್ವೆ ವೇಳಾಪಟ್ಟಿಯ ಪುಸ್ತಕ. ಅದರ ಪುಟಗಳ ನಡುವೆ ತೆಳುವಾದ ತವರದ ಹಾಳೆಗಳನ್ನಿಟ್ಟು ಅಲೆಯ ದಾರಿಯಲ್ಲಿ ನಿಲ್ಲಿಸಿದರು. ವಿದ್ಯುತ್ತಿನ ಕಂಪನ ಹಾಳೆಗೆ ಸಮಾಂತರವಾಗಿದ್ದರೆ ಲೋಹವು ಅಲೆಯನ್ನು ತಡೆಯುತ್ತದೆ, ಲಂಬವಾಗಿದ್ದರೆ ಹಾದುಹೋಗಗೊಡುತ್ತದೆ. ಬೇಲಿಯ ಸಂದಿನಲ್ಲಿ ತೂರಿದ ಹಗ್ಗದ ಅಲೆಗೆ ಇದು ತಿರುವುಮುರುವು ಎಂಬುದನ್ನು ಗಮನಿಸಿ. ಪುಸ್ತಕವನ್ನು ತಿರುಗಿಸಿದಂತೆ ಅಲೆ ಹಾಯುವುದೂ ನಿಲ್ಲುವುದೂ ಅಡ್ಡ ಅಲೆಯಲ್ಲಿ ಮಾತ್ರ ಸಾಧ್ಯ. ನೀಳ ಅಲೆಗೆ ಪುಸ್ತಕ ಹೇಗೆ ತಿರುಗಿದರೂ ಒಂದೇ. ಈ ಗುಣಕ್ಕೆ ಧ್ರುವೀಕರಣವೆಂದು ಹೆಸರು.

ಮುಂದೆ 1898ರಲ್ಲಿ ಬೋಸರು ಇಂತಹ ಎರಡು ತಡೆಗಳನ್ನು ಒಂದಕ್ಕೊಂದು ಅಡ್ಡವಾಗಿಟ್ಟು ಅಲೆಯನ್ನು ಪೂರ್ತಿ ನಿಲ್ಲಿಸಿದರು. ಬಳಿಕ ನಡುವೆ ಹುರಿಮಾಡಿದ ಸೆಣಬಿನ ಕಟ್ಟನ್ನಿಟ್ಟರು. ಬಂಗಾಳದಲ್ಲಿ ಸೆಣಬಿಗೇನು ಬರವೆ? ಕೂಡಲೇ ಅಲೆ ಮತ್ತೆ ಹಾದುಬಂದು ಗ್ರಾಹಕದ ಮುಳ್ಳು ಅಲುಗಿತು. ಹುರಿಯು ಕಂಪನದ ತಲವನ್ನೇ ತಿರುಗಿಸಿತ್ತು! ಬಲಕ್ಕೆ ಹುರಿಮಾಡಿದ ಕಟ್ಟು ಒಂದು ಕಡೆಗೆ, ಎಡಕ್ಕೆ ಹುರಿಮಾಡಿದ್ದು ಇನ್ನೊಂದು ಕಡೆಗೆ. ಸಕ್ಕರೆಯ ದ್ರಾವಣವು ಬೆಳಕಿಗೆ ಮಾಡುವುದೂ ಇದನ್ನೇ. ಅಲ್ಲಿ ಹುರಿಗೊಂಡಿರುವುದು ಕಣ್ಣಿಗೆ ಕಾಣದ ಅಣುಗಳು.

ಬೋಸರ ಉಪಕರಣಗಳಲ್ಲಿ ಕೆಲವು, 1917ರಲ್ಲಿ ಅವರೇ ಕೋಲ್ಕತ್ತದಲ್ಲಿ ಸ್ಥಾಪಿಸಿದ ಬಸು ವಿಜ್ಞಾನ ಮಂದಿರದ ವಸ್ತುಸಂಗ್ರಹಾಲಯದಲ್ಲಿವೆ.