ಹಳೇ ಗ್ರಾಫಿಕ್ಸ್ ಕಾರ್ಡ್ ಸಾಕಾ, ಹೊಸದೇ ಬೇಕಾ?

ನಮ್ಮ ಬಳಗದಲ್ಲಿ ಕಂಪ್ಯೂಟರ್ ಗೊತ್ತಿರುವವನು ನಾನೇ ಅಂತ ಯಾರು ತೀರ್ಮಾನ ಮಾಡಿದರೋ! ಉಡುಪಿಯಲ್ಲಿ ಮನೆ, ಮಣಿಪಾಲದಲ್ಲಿ ಕೆಲಸ, ದಾರಿ ಮಧ್ಯೆ ಫೋನ್. ಪ್ರಶ್ನೆ ಹೆಚ್ಚಾಗಿ ಒಂದೇ: "ಹಳೇ ಗ್ರಾಫಿಕ್ಸ್ ಕಾರ್ಡ್ ಸಾಕಾ ಮಾರಾಯ, ಹೊಸದು ತೆಗೊಳ್ಳಬೇಕಾ?" ಈಚೆಗೆ ಕಾಪು, ಮಣಿಪಾಲ, ಕಾರ್ಕಳ ಮೂರೂ ಕಡೆಯಿಂದ ಇದೇ ಪ್ರಶ್ನೆ ಬಂತು. ಮೂವರಿಗೂ ನಾನು ಹೇಳಿದ್ದು ಬೇರೆ ಬೇರೆ.

ಮೊದಲು ಲೆಕ್ಕ ನೋಡಿಬಿಡೋಣ. ಎನ್‌ವಿಡಿಯಾದ ಜಿಟಿಎಕ್ಸ್ 1060 ಬಂದದ್ದು 2016ರ ಜುಲೈಯಲ್ಲಿ. 6 ಜಿಬಿ ಮೆಮೊರಿ, 120 ವ್ಯಾಟ್, ಅಮೆರಿಕದ ಬೆಲೆ 249 ಡಾಲರ್. 2023ರ ಜೂನ್‌ನಲ್ಲಿ ಬಂದ ಆರ್‌ಟಿಎಕ್ಸ್ 4060ಗೆ 8 ಜಿಬಿ, 115 ವ್ಯಾಟ್, 299 ಡಾಲರ್. ಫುಲ್ ಎಚ್‌ಡಿ ಪರದೆಯಲ್ಲಿ ಹೆಚ್ಚಿನ ಗೇಮ್‌ಗಳಲ್ಲಿ ಹೊಸ ಕಾರ್ಡ್ ಎರಡು ಪಟ್ಟಿಗಿಂತ ಜಾಸ್ತಿ ಫ್ರೇಮ್ ಕೊಡುತ್ತದೆ. ಕರೆಂಟ್ ಬಿಲ್ಲಿನಲ್ಲಿ ವ್ಯತ್ಯಾಸವೇ ಇಲ್ಲ. ಏಳು ವರ್ಷದ ಪ್ರಗತಿ ಅಂದರೆ ಇದು, ಒಪ್ಪಲೇಬೇಕು.

ಆದರೆ 2021ರ ಆರ್‌ಟಿಎಕ್ಸ್ 3060 ಪಕ್ಕದಲ್ಲಿ 4060 ಇಟ್ಟು ನೋಡಿ. ವೇಗ ಸುಮಾರು ಶೇ. 20ರಷ್ಟು ಹೆಚ್ಚು, ಅಷ್ಟೇ. ಮೆಮೊರಿ 12 ಜಿಬಿಯಿಂದ 8ಕ್ಕೆ ಇಳಿದಿದೆ. ಮೆಮೊರಿಯ ದಾರಿ 192 ಬಿಟ್‌ನಿಂದ 128 ಬಿಟ್‌ಗೆ ಕಿರಿದಾಗಿದೆ. ಜಾಹೀರಾತಿನ ಗ್ರಾಫ್‌ಗಳಲ್ಲಿ ಕಾಣುವ ದೊಡ್ಡ ದೊಡ್ಡ ಜಿಗಿತಗಳಲ್ಲಿ 'ಫ್ರೇಮ್ ಜನರೇಶನ್' ಪಾಲು ತುಂಬಾ ಉಂಟು. ಎರಡು ನಿಜವಾದ ಫ್ರೇಮ್‌ಗಳ ನಡುವೆ ಕಾರ್ಡೇ ಒಂದು ಫ್ರೇಮ್ ಕಲ್ಪಿಸಿ ತುರುಕುವ ಉಪಾಯ ಅದು. ಚಿತ್ರ ನಯವಾಗಿ ಕಾಣುತ್ತದೆ, ಆದರೆ ನೀವು ಮೌಸ್ ಒತ್ತಿದ್ದಕ್ಕೆ ಗೇಮ್ ಬೇಗ ಸ್ಪಂದಿಸುವುದಿಲ್ಲ.

ಇನ್ನು ಕಾಪುವಿನ ವಿಷಯ. ಗೆಳೆಯನಿಗೆ ಅಲ್ಲಿ ಚಿಕ್ಕ ಸ್ಟುಡಿಯೋ. ಮದುವೆ, ಗೃಹಪ್ರವೇಶ, ಯಕ್ಷಗಾನ ಎಲ್ಲದರ ವಿಡಿಯೋ ಮಾಡುತ್ತಾನೆ. ಇಡೀ ರಾತ್ರಿಯ ಆಟ ಮೂರು ಕ್ಯಾಮೆರಾದಲ್ಲಿ ತೆಗೆದರೆ ಎಷ್ಟು ಫೂಟೇಜ್ ಬೀಳುತ್ತದೆ ಯೋಚಿಸಿ. ಅವನ ಪಿಸಿಯಲ್ಲಿ ಇರುವುದು 1060. ಹೊಸ ಕ್ಯಾಮೆರಾ ತಂದ ಮೇಲೆ ಎಡಿಟಿಂಗ್ ಟೈಮ್‌ಲೈನ್ ಸ್ಲೈಡ್ ಶೋ ಥರ ತಡವರಿಸಲು ಶುರು. ಮದುವೆ ಸೀಸನ್ ತಲೆಯ ಮೇಲೆ, ಎರಡು ಪಾರ್ಟಿಗೆ ಡೇಟ್ ಕೊಟ್ಟಾಗಿದೆ, ಕ್ಯಾಮೆರಾದ ಇಎಂಐ ಇನ್ನೂ ಮುಗಿದಿಲ್ಲ. ಅದರ ಮೇಲೆ 4060ಗೆ ಇನ್ನೊಂದು ಇಎಂಐ ಹಾಕಲು ಹೊರಟಿದ್ದ.

ನಾನು ಹೋಗಿ ನೋಡಿದ್ದು ಕಾರ್ಡ್ ಅಲ್ಲ, ಕ್ಯಾಮೆರಾದ ಸೆಟ್ಟಿಂಗ್. ಅದು ಎಚ್.265, 10 ಬಿಟ್, 4:2:2ರಲ್ಲಿ ಇತ್ತು. ಬಣ್ಣದ ಮಾಹಿತಿ ಹೆಚ್ಚು ಉಳಿಸಿಕೊಳ್ಳುವ ಒಳ್ಳೆಯ ಮಾದರಿಯೇ ಅದು. ತೊಂದರೆ ಏನೆಂದರೆ, ಆ ಫೈಲ್ ಬಿಚ್ಚುವ ಹಾರ್ಡ್‌ವೇರ್ 1060ರಲ್ಲೂ ಇಲ್ಲ, ಅವನು ಕೊಳ್ಳಲು ಹೊರಟಿದ್ದ 4060ರಲ್ಲೂ ಇಲ್ಲ! ಎನ್‌ವಿಡಿಯಾ ಅದನ್ನು ಕೊಟ್ಟದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ತಮಾಷೆ ನೋಡಿ, ಇಂಟೆಲ್‌ನ 11ನೇ ತಲೆಮಾರಿನಿಂದ ಈಚೆಗೆ ಪ್ರೊಸೆಸರ್ ಒಳಗಿನ ಸಾದಾ ಗ್ರಾಫಿಕ್ಸ್‌ಗೇ ಈ ಕೆಲಸ ಬರುತ್ತದೆ. ಇವನ ಪ್ರೊಸೆಸರ್ ಅದಕ್ಕಿಂತ ಹಳೆಯದು.

ಕ್ಯಾಮೆರಾವನ್ನು 10 ಬಿಟ್ 4:2:0ಗೆ ಬದಲಿಸಿದೆವು. ಅದನ್ನು 1060 ಆರಾಮವಾಗಿ ಬಿಚ್ಚುತ್ತದೆ. ಮೊದಲೇ ತೆಗೆದಿದ್ದ ಫೂಟೇಜ್‌ಗೆ ಪ್ರಾಕ್ಸಿ, ಅಂದರೆ ಎಡಿಟ್ ಮಾಡಲಿಕ್ಕಷ್ಟೇ ಹಗುರವಾದ ನಕಲು ಮಾಡಿಸಿದೆವು. ಟೈಮ್‌ಲೈನ್ ಓಡಿತು. ಖರ್ಚು ಸೊನ್ನೆ. 4060 ತಂದಿದ್ದರೆ ಎಫೆಕ್ಟ್, ಎಕ್ಸ್‌ಪೋರ್ಟ್ ಬೇಗ ಆಗುತ್ತಿತ್ತು, ಸುಳ್ಳಲ್ಲ. ಆದರೆ ಅವನ ನಿದ್ದೆ ಕೆಡಿಸಿದ ತಡವರಿಕೆ ಹಾಗೆಯೇ ಉಳಿಯುತ್ತಿತ್ತು.

ಅಂದ ಹಾಗೆ ಕ್ಯಾಬಿನೆಟ್ ಬಿಚ್ಚಿದಾಗ ಎಚ್‌ಡಿಎಂಐ ಪೋರ್ಟಿನ ಸುತ್ತ ತುಕ್ಕು ಕಂಡಿತು. ಲೈಟ್‌ಹೌಸ್ ಕಡೆಯಿಂದ ಬೀಸುವ ಉಪ್ಪು ಗಾಳಿಗೆ ಕಿಟಕಿಯ ಸರಳೇ ಉಳಿಯುವುದಿಲ್ಲ, ಇನ್ನು ಕಾರ್ಡ್ ಎಂತ ಮಾಡೀತು! ಫ್ಯಾನಿನ ಧೂಳು ತೆಗೆದು, ಒಣಗಿದ್ದ ಥರ್ಮಲ್ ಪೇಸ್ಟ್ ಬದಲಿಸಿದ ಮೇಲೆ ಶಬ್ದವೂ ಕಡಿಮೆಯಾಯಿತು. ಸಮುದ್ರದ ಬದಿಯವರು ಮಳೆಗಾಲ ಮುಗಿದ ಕೂಡಲೇ ಇದೊಂದು ಕೆಲಸ ಮಾಡಿಕೊಳ್ಳಿ.

ಮಣಿಪಾಲದ ಹುಡುಗನದ್ದು ತದ್ವಿರುದ್ಧ ಕಥೆ. ಇಂಜಿನಿಯರಿಂಗ್ ಕೊನೆಯ ವರ್ಷ, ಎಐ ಪ್ರಾಜೆಕ್ಟ್. ಪಾಸಾಗಿ ಊರಿಗೆ ಹೋದ ಸೀನಿಯರ್ ಮಾರಿದ್ದ 1060 ಅವನ ಕೈಯಲ್ಲಿತ್ತು. ಗೇಮ್ ಆಡುತ್ತದಲ್ಲ, ಪ್ರಾಜೆಕ್ಟಿಗೂ ಸಾಕು ಅಂತ ಅವನ ವಾದ. ಇವನಿಗೆ ನಾನು 'ಬದಲಿಸು' ಅಂದೆ. 2025ರ ಆಗಸ್ಟ್‌ನಲ್ಲಿ ಬಂದ ಕುಡಾ 13, ಪ್ಯಾಸ್ಕಲ್ ತಲೆಮಾರನ್ನೇ, ಅಂದರೆ 1060ರ ಇಡೀ ಸಂಸಾರವನ್ನೇ ಕೈಬಿಟ್ಟಿದೆ. ಕುಡಾ ಅಂದರೆ ಎನ್‌ವಿಡಿಯಾ ಕಾರ್ಡ್‌ಗಳಲ್ಲಿ ಎಐ ಲೆಕ್ಕ ಓಡಿಸುವ ತಳಹದಿ. ಗೇಮ್ ಡ್ರೈವರ್‌ನ ನಿಯಮಿತ ಅಪ್‌ಡೇಟ್ ಕೂಡ ಅದೇ ಅಕ್ಟೋಬರ್‌ಗೆ ನಿಂತಿತು. ಭದ್ರತೆಯ ಅಪ್‌ಡೇಟ್ ಮಾತ್ರ 2028ರವರೆಗೆ.

ಹಾಗಾದರೆ 4060? ಅದೂ ಬೇಡ ಅಂದೆ. 700 ಕೋಟಿ ಪ್ಯಾರಾಮೀಟರ್‌ನ ಭಾಷಾ ಮಾದರಿಯನ್ನು 8 ಬಿಟ್‌ನಲ್ಲಿ ಇಟ್ಟರೆ ಅದಕ್ಕೇ ಸುಮಾರು 7 ಜಿಬಿ ಬೇಕು. 8 ಜಿಬಿ ಕಾರ್ಡಿನಲ್ಲಿ ಅದು ರಶ್ಶಿನ ಎಕ್ಸ್‌ಪ್ರೆಸ್ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತ ಹಾಗೆ. 12 ಜಿಬಿಯ 3060ರಲ್ಲಿ ಕೂತು ಹೋಗಬಹುದು. ನಿಧಾನ ಆದರೂ ಕೆಲಸ ಆಗುತ್ತದೆ, ಜಾಗ ಸಾಲದಿದ್ದರೆ ವೇಗ ಇದ್ದು ಪ್ರಯೋಜನ ಇಲ್ಲ. ಕೊಳ್ಳುವ ಮೊದಲು ಗೂಗಲ್ ಕೊಲ್ಯಾಬ್‌ನ ಉಚಿತ ಟಿ4 ಬಳಸಿ ನೋಡು ಅಂತಲೂ ಹೇಳಿದೆ. 2018ರ ಕಾರ್ಡ್ ಅದು, ಆದರೆ 16 ಜಿಬಿ ಉಂಟು.

ಅವನು ಕೊನೆಗೆ ಸೆಕೆಂಡ್‌ಹ್ಯಾಂಡ್ 3060 ಹುಡುಕಿದ. ಅದರಲ್ಲೇ 8 ಜಿಬಿಯದ್ದೂ ಒಂದು ಇದೆ, ಡಬ್ಬದ ಮೇಲೆ ಹೆಸರು ಒಂದೇ. ಇನ್ನೂ ಹಳೆಯ ಕಾರ್ಡಿಗೆ ಬಯೋಸ್ ತಿದ್ದಿ ಹೊಸ ಹೆಸರು ಕಟ್ಟಿ ಮಾರುವವರೂ ಇದ್ದಾರೆ. ಹಾಗಾಗಿ ಮಾರುವವರ ಎದುರೇ ಜಿಪಿಯು-ಝಡ್ ತೆರೆದು ಮೆಮೊರಿ, ಬಸ್ ಅಗಲ ನೋಡಿದೆವು. ಇಪ್ಪತ್ತು ನಿಮಿಷ ಪೂರ್ತಿ ಲೋಡ್ ಕೊಟ್ಟು, ಪರದೆಯಲ್ಲಿ ಚುಕ್ಕೆ ಬೀಳುತ್ತದಾ ಅಂತ ಕಾದೆವು. ಇಷ್ಟಕ್ಕೆ ಒಪ್ಪದವರ ಹತ್ತಿರ ಕೊಳ್ಳಲೇಬೇಡಿ.

ಕಾರ್ಕಳದಲ್ಲಿರುವುದು ಚಿಕ್ಕಮ್ಮನ ಮಗ. ಜಿಟಿಎಕ್ಸ್ 1050 ಟಿಐ, 4 ಜಿಬಿ, 2016ರದ್ದೇ. ಯಾರದೋ ಆಫೀಸಿನ ಹಳೇ ಪಿಸಿ, ಅದರ ಪವರ್ ಸಪ್ಲೈಯಲ್ಲಿ ಕಾರ್ಡಿಗೆ ಬೇರೆ ವಯರೇ ಇಲ್ಲ. ಮದರ್‌ಬೋರ್ಡ್ ಕೊಡುವ 75 ವ್ಯಾಟ್‌ನಲ್ಲೇ ಬದುಕಬೇಕು. ಅಂಥವರಿಗೆ 2024ರ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ ಇದೆ, 70 ವ್ಯಾಟ್. ವೇಗ ಹಳೆಯದರ ಒಂದೂವರೆ ಪಟ್ಟಿಗಿಂತ ಹೆಚ್ಚು. 8 ಜಿಬಿಯ 3050 ಅಂದುಕೊಂಡು ಮಾತ್ರ ತರಬೇಡಿ, ಇದರ ಚಿಪ್‌ನಲ್ಲಿ ಕೋರ್‌ಗಳೂ ಕಡಿಮೆ.

ಇವನಿಗೆ ಅದು ಬೇಕಾ? 2024ರ ಡಿಸೆಂಬರ್‌ನ ಇಂಡಿಯಾನಾ ಜೋನ್ಸ್ ಗೇಮ್‌ಗೆ ರೇ ಟ್ರೇಸಿಂಗ್ ಹಾರ್ಡ್‌ವೇರ್ ಕಡ್ಡಾಯ, ಜಿಟಿಎಕ್ಸ್‌ನಲ್ಲಿ ನಡೆಯುವುದಿಲ್ಲ. ಆದರೆ ಹುಡುಗ ಆಡುವುದು ವ್ಯಾಲೊರಂಟ್. ಸೆಕೆಂಡಿಗೆ 144 ಫ್ರೇಮ್ ಬೇಕಾದರೆ ಅಂತ ಕಂಪನಿಯೇ ಹೇಳಿದ ಕಾರ್ಡ್ 1050 ಟಿಐ! ಅವನ ಮಾನಿಟರ್ ತೋರಿಸುವುದೇ 60. ಪಶ್ಚಿಮ ಘಟ್ಟದ ಬುಡದ ಊರು, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಕರೆಂಟ್ ಹೋಗಿ ಬಂದು ಮಾಡುತ್ತದೆ. ಕಾರ್ಡಿಗೆ ಅಂತ ಕೂಡಿಟ್ಟ ದುಡ್ಡಿನಲ್ಲಿ ಯುಪಿಎಸ್ ಮತ್ತು ಸೆಕೆಂಡ್‌ಹ್ಯಾಂಡ್ 144 ಹರ್ಟ್ಸ್ ಮಾನಿಟರ್ ತೆಗೆಸಿದೆ. ಮಿಂಚು ಜೋರಾದರೆ ಪ್ಲಗ್ ಕೀಳುವ ಜವಾಬ್ದಾರಿ ಮಾತ್ರ ಈಗಲೂ ಚಿಕ್ಕಮ್ಮನದ್ದೇ. ಅವನು ಮ್ಯಾಚ್ ಮಧ್ಯೆ ಏಳುವುದಿಲ್ಲ.